ಕಿಟ್‌ನಲ್ಲಿ ಕ್ಲೋರಿನ್ ಜಾಸ್ತಿ ತೋರಿಸ್ತಿದೆ, ಆದ್ರೂ ಪೂಲ್ ನೀರು ಹಸಿರು. ಯಾಕೆ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ದೊಡ್ಡಬಳ್ಳಾಪುರದ ಹತ್ತಿರ ನಮ್ಮದೊಂದು ತೋಟದ ಮನೆ, ಅಲ್ಲೊಂದು ಸಣ್ಣ ಈಜುಕೊಳ. 9 ಮೀಟರ್ ಉದ್ದ, ನಾಲ್ಕೂವರೆ ಅಗಲ, ಆಳ ಸರಾಸರಿ 1.2. ಬೋರ್‌ವೆಲ್ ನೀರು, ಮರಳಿನ ಫಿಲ್ಟರ್, ದಿನಕ್ಕೆ ಆರು ಗಂಟೆ ಪಂಪ್ ಓಡುತ್ತೆ. ಮೊದಲ ವರ್ಷ ತಳದ ಟೈಲ್ಸ್ ಗೆರೆ ಎಣಿಸಬಹುದಿತ್ತು. ಈ ಸಲ ದಸರಾ ರಜೆಗೆ ಮಕ್ಕಳು ಬರೋ ಹೊತ್ತಿಗೆ ನೀರು ಹಸಿರು ತಿರುಗಿದೆ. ಗೋಡೆ ಮುಟ್ಟಿದ್ರೆ ಜಾರುತ್ತೆ.

ತಲೆ ಕೆಡಿಸಿರೋದು ಇದು: ಹಳದಿ ಬಣ್ಣ ಬರೋ ಕಿಟ್‌ನಲ್ಲಿ ನೋಡಿದ್ರೆ ಕಡು ಹಳದಿ, ಪಟ್ಟಿಯ ಕೊನೇ ಬಣ್ಣಕ್ಕಿಂತ ಗಾಢ. ತೇಲೋ ಡಬ್ಬೀಲಿ ಟಿಸಿಸಿಎ ಅನ್ನೋ ಕ್ಲೋರಿನ್ ಮಾತ್ರೆ ಯಾವತ್ತೂ ಖಾಲಿಯಾಗೋಕೆ ಬಿಟ್ಟಿಲ್ಲ. ನೋಡ್ಕೊಳ್ಳೋ ಹುಡುಗ "ಕ್ಲೋರಿನ್ ಬೇಕಾದಷ್ಟಿದೆ ಸಾರ್, ಇದು ಬೇರೆ ಜಾತಿ ಪಾಚಿ" ಅಂತ ಮೈಲುತುತ್ತ ಹಾಕಿದ, ಆಮೇಲೆ ಪಟಿಕ ಹಾಕಿದ. ಸ್ವಲ್ಪ ದಿನ ತಿಳಿಯಾಗಿ ಮತ್ತೆ ಅದೇ ಕಥೆ. ವಾಸನೆ ಮೂಗಿಗೆ ಹೊಡೆಯುತ್ತೆ, ಕಣ್ಣು ಉರಿ. ಕ್ಲೋರಿನ್ ಇಷ್ಟಿದ್ದೂ ಪಾಚಿ ಹೇಗೆ ಬೆಳೆಯುತ್ತೆ?

ಬಾವಿಕಟ್ಟೆ

ಮೀನು ಬಿಟ್ಬಿಡಿ ಸಾರ್, ಖರ್ಚಾದ್ರೂ ಗಿಟ್ಟುತ್ತೆ 😀

ಪಂಪ್‌ರೂಮ್_ಹುಬ್ಬಳ್ಳಿ

ಮೀನು ಬಿಟ್ರ ಮೈಲುತುತ್ತಕ್ಕ ಸತ್ತು ಮ್ಯಾಲ ತೇಲ್ತಾವ, ಹಂಗ ಮಾಡಬ್ಯಾಡ್ರಿ.

ನೋಡ್ರಿ ಸರ, ನಾ ಸಾರ್ವಜನಿಕ ಈಜುಕೊಳದಾಗ ಫಿಲ್ಟರ್ ನೋಡ್ಕೋತ ಬಂದಾವ. ಮೊದಲ ಆ ಫಿಲ್ಟರ್ ತಲಿ ಬಿಚ್ರಿ. ಪಟಿಕ ಹಾಕಿ ಪಂಪ್ ಓಡಿಸಿದ್ರ ಆ ಲೋಳಿ ಮರಳಿನಾಗ ಹೋಗಿ ಉಂಡಿ ಕಟ್ಟತೈತಿ. ಆಮ್ಯಾಲೆ ನೀರು ಮರಳು ಬಿಟ್ಟು ಸಂದಿ ಹಿಡದು ಹರೀತೈತಿ, ಸೋಸೂದೇ ಇಲ್ಲ. ಪಟಿಕ ಹಾಕೂದಿದ್ರ ರಾತ್ರಿ ಹಾಕಿ, ಪಂಪ್ ಬಂದ್ ಮಾಡಿ, ಮುಂಜಾನೆ ತಳಕ್ಕ ಕುಂತದ್ದನ್ನ ವ್ಯಾಕ್ಯೂಮ್ ಹಚ್ಚಿ ಸೀದಾ ಹೊರಗ ಬಿಡಬೇಕು, ಫಿಲ್ಟರಿನೊಳಗ ಅಲ್ಲ. ಪ್ರೆಶರ್ ಮುಳ್ಳು ಎಷ್ಟು ತೋರಸ್ತದ?

ರಸಾಯನ_ಮೇಷ್ಟ್ರು

ಹುಬ್ಬಳ್ಳಿಯವರು ಹೇಳಿದ್ದು ಸರಿ, ಫಿಲ್ಟರ್ ನೋಡಲೇಬೇಕು. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಬೇರೆ ಕಡೆ ಇದೆ ಅನ್ನಿಸುತ್ತದೆ. ಹಳದಿ ಬಣ್ಣದ ಕಿಟ್ ಓಟಿಓ ಅಂತ. ಅದು ತೋರಿಸುವುದು ಒಟ್ಟು ಕ್ಲೋರಿನ್. ಅದರಲ್ಲಿ ಕೆಲಸಕ್ಕೆ ಬರುವ ಮುಕ್ತ ಕ್ಲೋರಿನ್ ಎಷ್ಟು, ಬೆವರು-ಮೂತ್ರದ ಸಾರಜನಕದ ಜೊತೆ ಸೇರಿ ಕ್ಲೋರಮೈನ್ ಆದದ್ದು ಎಷ್ಟು ಅಂತ ಆ ಕಿಟ್ ಬೇರ್ಪಡಿಸುವುದಿಲ್ಲ. ಮೂಗಿಗೆ ಹೊಡೆಯುವ ಆ "ಕ್ಲೋರಿನ್ ವಾಸನೆ" ಬಹುಪಾಲು ಕ್ಲೋರಮೈನಿನದು, ಕಣ್ಣು ಉರಿಯೂ ಅದರಿಂದಲೇ. ವಾಸನೆ ಜೋರಾಗಿದ್ದರೆ ಸಾಮಾನ್ಯವಾಗಿ ಕ್ಲೋರಿನ್ ಸಾಲದೆ ಬಂದಿದೆ ಅಂತ ಅರ್ಥ.

ಡಿಪಿಡಿ ಕಿಟ್ ತರಿಸಿ, ಗುಲಾಬಿ ಬಣ್ಣ ಬರುತ್ತದಲ್ಲ, ಅದು. ಹನಿ ಹಾಕಿ ಬಣ್ಣ ಹೋಗುವವರೆಗೆ ಎಣಿಸುವ ಬಗೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಬಣ್ಣದ ಪಟ್ಟಿಗೆ ಹೋಲಿಸಿ ನೋಡುವ ಡಿಪಿಡಿಯಲ್ಲಿ ಕ್ಲೋರಿನ್ ತೀರಾ ಜಾಸ್ತಿಯಿದ್ದರೆ ಗುಲಾಬಿ ಬಣ್ಣವೇ ಬಿಳಿಚಿಹೋಗಿ ಸೊನ್ನೆ ಅಂತ ಕಾಣುತ್ತದೆ. ಅದನ್ನು ನಂಬಿ ಮೇಲೆ ಇನ್ನಷ್ಟು ಸುರಿದವರೂ ಉಂಟು.

ಜೊತೆಗೆ, ಮಾತ್ರೆಯಿಂದ ನೀರಿಗೆ ಸೇರುವ ಸಯನ್ಯೂರಿಕ್ ಆಮ್ಲದ ಪರೀಕ್ಷೆ. ಅದೇ ಮುಖ್ಯ. ಅಳತೆ ಬಂದಮೇಲೆ ಮಾತಾಡೋಣ. ಅಲ್ಲಿಯವರೆಗೆ ಏನೂ ಹಾಕಬೇಡಿ.

ಫೀನಿಕ್ಸ್_ಕನ್ನಡಿಗ

ಮೇಷ್ಟ್ರು ಎಲ್ಲಿಗೆ ಬರ್ತಿದ್ದಾರೆ ಅಂತ ಗೊತ್ತಾಯ್ತು. ಅರಿಝೋನಾದಲ್ಲಿ ಗಲ್ಲಿಗಲ್ಲಿಗೂ ಪೂಲ್, ಎಲ್ಲರ ಮನೆ ಕಾಯಿಲೆ ಇದೇ. ಮಾತ್ರೆ ಹಾಕ್ತಾ ಹೋಗ್ತಾರೆ, ಬಿಸಿಲಿಗೆ ನೀರು ಆವಿಯಾಗುತ್ತೆ, ಆಮ್ಲ ಮಾತ್ರ ಪೂಲ್‌ನಲ್ಲೇ ಉಳಿಯುತ್ತೆ.

ಸ್ವಿಮ್ಮರ್_ಮೈಸೂರು

ನನಗನ್ನಿಸೋದು ಪಿಎಚ್ ಸಮಸ್ಯೆ. ಪಿಎಚ್ 7.5ರಲ್ಲಿ ಕ್ಲೋರಿನ್ನಿನ ಅರ್ಧ ಮಾತ್ರ ಚುರುಕಾದ ರೂಪದಲ್ಲಿರುತ್ತೆ, 8ಕ್ಕೆ ಹೋದ್ರೆ ಕಾಲು ಭಾಗಕ್ಕೆ ಇಳಿಯುತ್ತೆ. ಬೋರ್ ನೀರು ಅಂದ್ಮೇಲೆ ಪಿಎಚ್ ಮೇಲೇ ಇರುತ್ತೆ. ಆಸಿಡ್ ಹಾಕಿ ಇಳಿಸಿ.

ರಸಾಯನ_ಮೇಷ್ಟ್ರು

@ಸ್ವಿಮ್ಮರ್, ಆ ಲೆಕ್ಕ ಸಯನ್ಯೂರಿಕ್ ಇಲ್ಲದ ನೀರಿಗೆ ಸರಿ. ಅದು ಸೇರಿಕೊಂಡಮೇಲೆ ಪಿಎಚ್ ಏರಿಳಿತದ ಪರಿಣಾಮ ಬಹಳ ಕಡಿಮೆಯಾಗುತ್ತದೆ. 7.2ರಿಂದ 7.8ರ ನಡುವೆ ಇದ್ದರೆ ಪಾಚಿಗೆ ಅದು ಕಾರಣವಲ್ಲ.

ತೋಟದಮನೆ

ಕಿಟ್ ಬಂತು. ಪ್ರೆಶರ್ ಮಾಮೂಲಿಗಿಂತ 10 ಪಿಎಸ್‌ಐ ಮೇಲಿತ್ತು, ಬ್ಯಾಕ್‌ವಾಶ್ ಮಾಡಿದ್ರೂ (ನೀರು ಉಲ್ಟಾ ಹರಿಸಿ ಮರಳು ತೊಳೆದ್ರೂ) ಪೂರ್ತಿ ಇಳೀಲಿಲ್ಲ.

ಮುಕ್ತ ಕ್ಲೋರಿನ್ 6 ಪಿಪಿಎಂ (ಅಂದ್ರೆ ಲೀಟರಿಗೆ 6 ಮಿಲಿಗ್ರಾಂ). ಒಟ್ಟು 7.5. ಪಿಎಚ್ 7.6. ಆಲ್ಕಲಿನಿಟಿ (ಹುಳಿ ತಡೆಯೋ ಶಕ್ತಿ) 260. ಕ್ಯಾಲ್ಸಿಯಂ ಗಡಸುತನ 520.

ಸಯನ್ಯೂರಿಕ್: ಕೊಳವೆ ತಳದ ಕಪ್ಪು ಚುಕ್ಕೆ ಮರೆಯಾಗೋ ತನಕ ಮೋಡದಂಥ ನೀರು ಸುರೀಬೇಕು ಅಂತ ಇತ್ತು. ಮೊದಲ ಗೆರೆ, ಅಂದ್ರೆ 100, ಮುಟ್ಟೋ ಮುಂಚೆನೇ ಚುಕ್ಕೆ ಮಾಯ. ಕುಡಿಯೋ ನೀರು ಅರ್ಧಕ್ಕರ್ಧ ಬೆರೆಸಿ ಮತ್ತೆ ನೋಡಿದೆ, 80 ಬಂತು. ಎರಡರಿಂದ ಗುಣಿಸಿದ್ರೆ 160 ಅಲ್ವಾ?

ರಸಾಯನ_ಮೇಷ್ಟ್ರು

ಅಲ್ಲಿದೆ ನೋಡಿ ಉತ್ತರ. 160.

ಟಿಸಿಸಿಎ ಅಂದರೆ ಕ್ಲೋರಿನ್ ಮತ್ತು ಸಯನ್ಯೂರಿಕ್ ಆಮ್ಲ ಒಂದೇ ಅಣುವಿನಲ್ಲಿ ಸೇರಿರುವ ವಸ್ತು. ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಆಮ್ಲ ಹೋಗುವುದಿಲ್ಲ. ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಸೇರಿದಾಗಲೆಲ್ಲ 6 ಪಿಪಿಎಂ ಆಮ್ಲ ಸೇರುತ್ತದೆ. ನಿಮ್ಮ ಕೊಳ 48,000 ಲೀಟರ್. 200 ಗ್ರಾಂನ ಒಂದು ಮಾತ್ರೆ ಸುಮಾರು 3.75 ಪಿಪಿಎಂ ಕ್ಲೋರಿನ್ ಕೊಟ್ಟು 2.3ರಷ್ಟು ಆಮ್ಲ ಬಿಟ್ಟುಹೋಗುತ್ತದೆ. 5 ಕೆಜಿ ಡಬ್ಬ ಖಾಲಿಯಾಯಿತು ಅಂದರೆ 57. ಮೂರು ಡಬ್ಬಕ್ಕೆ ನೀವು ಈಗ ಇರುವ ಜಾಗ.

ಈ ಆಮ್ಲ ಕೆಟ್ಟದ್ದಲ್ಲ. ಅದಿಲ್ಲದಿದ್ದರೆ ನಮ್ಮ ಬಿಸಿಲಿಗೆ ಬೆಳಿಗ್ಗೆ ಹಾಕಿದ ಕ್ಲೋರಿನ್ ಮಧ್ಯಾಹ್ನಕ್ಕೆ ಇರುವುದಿಲ್ಲ. 30ರಿಂದ 50ರವರೆಗೆ ಬೇಕೇ ಬೇಕು. ಆದರೆ ಅದು ಕಾಪಾಡುವುದು ಕ್ಲೋರಿನ್ನನ್ನು ತನ್ನ ಜೊತೆ ಕಟ್ಟಿಕೊಂಡು. ಆಮ್ಲ ಹೆಚ್ಚಿದಷ್ಟೂ ಬಿಡುವಾಗಿರುವ ಕ್ಲೋರಿನ್ ಕಡಿಮೆ. ಕಿಟ್ ಮಾತ್ರ ಕಟ್ಟಿಹೋದದ್ದನ್ನೂ "ಮುಕ್ತ" ಅಂತಲೇ ಲೆಕ್ಕ ಹಿಡಿಯುತ್ತದೆ. ಪಾಸ್‌ಬುಕ್ಕಿನಲ್ಲಿ ಲಕ್ಷ ಇದೆ, ಪೂರ್ತಿ ಎಫ್‌ಡಿಯಲ್ಲಿ. ಅಂಗಡಿಗೆ ಹೋದರೆ ಕೈಯಲ್ಲಿ ನೂರು ರೂಪಾಯಿ.

ಫೀನಿಕ್ಸ್_ಕನ್ನಡಿಗ

ಇಲ್ಲಿ ಮನೆ ಪೂಲ್ ಇಟ್ಟವರು ಬಳಸೋ ಅಂದಾಜು: ಮುಕ್ತ ಕ್ಲೋರಿನ್ ಯಾವತ್ತೂ ಸಯನ್ಯೂರಿಕ್‌ನ 7.5 ಶೇಕಡಾಕ್ಕಿಂತ ಕೆಳಗೆ ಇಳೀಬಾರದು. 160ಕ್ಕೆ ಅದು 12. ನಿಮ್ಮ ಹತ್ರ ಇರೋದು 6. ಬೆಳೆದ ಪಾಚಿ ಕೊಲ್ಲೋಕೆ 40 ಶೇಕಡಾ ಬೇಕು, ಅಂದ್ರೆ 64 ಪಿಪಿಎಂ. ಅದನ್ನ ದಿನಗಟ್ಟಲೆ ಹಿಡಿದಿಡೋಕೆ ದುಡ್ಡೂ ಸಾಲಲ್ಲ, ಬುದ್ಧಿಯೂ ಅಲ್ಲ. ನೀರು ಬದಲಿಸೋದೇ ದಾರಿ.

ಸ್ವಿಮ್ಮರ್_ಮೈಸೂರು

ಆದ್ರೆ ಡಬ್ಬದ ಮೇಲೆ "1-3 ಪಿಪಿಎಂ ಕಾಯ್ದುಕೊಳ್ಳಿ" ಅಂತಷ್ಟೇ ಬರೆದಿರ್ತಾರಲ್ಲ?

ಫೀನಿಕ್ಸ್_ಕನ್ನಡಿಗ

ಮಾತ್ರೆ ಮಾರೋರು ಮಾತ್ರೆ ಸಾಕು ಅಂತ ಯಾಕೆ ಬರೀತಾರೆ ಹೇಳಿ.

ನೀರುನಿಧಿ

ಕ್ಷಮಿಸಿ, ಮಧ್ಯೆ ಬರ್ತಿದ್ದೀನಿ. ದೊಡ್ಡಬಳ್ಳಾಪುರದಲ್ಲಿ ಬೋರ್ ಸಾವಿರ ಅಡಿ ಕೊರೆದ್ರೂ ನೀರು ಬರದ ಜಾಗಗಳಿವೆ. 2024ರ ಮಾರ್ಚಿನಲ್ಲಿ ಬೆಂಗಳೂರಲ್ಲಿ ಈಜುಕೊಳಕ್ಕೆ ಕುಡಿಯೋ ನೀರು ಬಳಸಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿದೆಯಾ? ಇಲ್ಲಿ ನೀವು ಕುಶಾಲಿಗೆ ಅನ್ನೋ ಹಾಗೆ "ನೀರು ಬದಲಿಸಿ" ಅಂತೀರಿ. ಎಷ್ಟು ಲೀಟರ್ ಅದು?

ರಸಾಯನ_ಮೇಷ್ಟ್ರು

160 ಇದ್ದದ್ದು 40ಕ್ಕೆ ಬರಬೇಕಾದರೆ ನಾಲ್ಕರಲ್ಲಿ ಮೂರು ಪಾಲು. 36,000 ಲೀಟರ್. 6,000 ಲೀಟರಿನ ಟ್ಯಾಂಕರ್ ಆರು. ನಿಮ್ಮ ಸಿಟ್ಟು ಸುಳ್ಳಲ್ಲ.

ಅರ್ಧ ಬದಲಿಸಿ 80ಕ್ಕೆ ನಿಲ್ಲಿಸಬಹುದು. ಆಗ ಕನಿಷ್ಠ 6 ಪಿಪಿಎಂ ಇಟ್ಟುಕೊಳ್ಳಬೇಕು, ಪಾಚಿ ಕೊಲ್ಲಲು 32. ಆಗುತ್ತದೆ, ಖರ್ಚು ಜಾಸ್ತಿ. ಬೇರೆ ಉಪಾಯ ನನಗೆ ಗೊತ್ತಿರುವಂತೆ ಇಲ್ಲ. ಈ ಆಮ್ಲ ಆವಿಯಾಗುವುದಿಲ್ಲ, ಮರಳಿನ ಫಿಲ್ಟರಿಗೆ ಸಿಗುವುದಿಲ್ಲ.

@ತೋಟದಮನೆ, ನಿಮ್ಮ ಮನೆಗೆ ಮಳೆಕೊಯ್ಲು ಇದೆಯೇ? ಈ ತಿಂಗಳು ನಿಮ್ಮ ಕಡೆ ಇನ್ನೂ ಮಳೆ ಬರುತ್ತದೆ. ಚಾವಣಿ ನೀರಿನಲ್ಲಿ ಗಡಸುತನ ಇಲ್ಲವೇ ಇಲ್ಲ ಅನ್ನಬಹುದು, ನಿಮ್ಮ 520ಕ್ಕೂ ಅದೇ ಮದ್ದು. 200 ಚದರ ಮೀಟರ್ ಚಾವಣಿಗೆ 50 ಮಿಲಿಮೀಟರ್ ಮಳೆ ಬಿದ್ದರೆ ಸೋರಿಹೋದದ್ದು ಕಳೆದು 8,000 ಲೀಟರಾದರೂ ಸಿಗುತ್ತದೆ.

ನೀರುನಿಧಿ

ಹಾಗಾದ್ರೆ ಸರಿ. ಖಾಲಿ ಮಾಡೋ ನೀರನ್ನ ಚರಂಡಿಗೆ ಬಿಡಬೇಡಿ. ಡಬ್ಬಿ ತೆಗೆದು ನಾಲ್ಕಾರು ದಿನ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಸೊನ್ನೆಗೆ ಬಂದಮೇಲೆ ತೆಂಗಿಗೆ ಬಿಡಿ, ಅದು ಉಪ್ಪು ತಡಕೊಳ್ಳುತ್ತೆ. ದ್ರಾಕ್ಷಿ ಇದ್ರೆ ಅದರ ಬುಡಕ್ಕೆ ಬೇಡ. ಮೈಲುತುತ್ತ ಹಾಕಿದ್ದೀರಿ, ಕೆರೆಗೆ ಹೋಗೋ ಕಾಲುವೆಗಂತೂ ಖಂಡಿತ ಬೇಡ.

ಪುತ್ತೂರು_ಹೋಮ್‌ಸ್ಟೇ

ನನ್ನದು ಇದಕ್ಕೆ ಉಲ್ಟಾ ಕಥೆ ಮಾರಾಯ್ರೆ. ಇಲ್ಲೇ ಕೇಳ್ತೇನೆ, ಬೇಸರ ಇಲ್ಲ ಅಲ್ವಾ?

30,000 ಲೀಟರಿನ ಕೊಳ ಉಂಟು. ಮಾತ್ರೆ ಹಾಕುದೇ ಇಲ್ಲ, ಕ್ಯಾನಿನಲ್ಲಿ ಬರುವ ಲಿಕ್ವಿಡ್ ಹೈಪೋ, ಅಂದ್ರೆ ದ್ರವ ಕ್ಲೋರಿನ್ ಮಾತ್ರ. ಬೆಳಿಗ್ಗೆ ಏಳಕ್ಕೆ ಹಾಕಿದ್ರೆ 4 ಪಿಪಿಎಂ ತೋರಿಸ್ತದೆ, ಊಟದ ಹೊತ್ತಿಗೆ ನೋಡಿದ್ರೆ ಸೊನ್ನೆ. ಮಳೆಗಾಲದಲ್ಲಿ ಇಷ್ಟು ತೊಂದರೆ ಇರ್ಲಿಲ್ಲ, ಬಿಸಿಲು ಬಂದ ಮೇಲೆ ಶುರು. ಹೈಪೋ ಮಾರುವವರು ಸತ್ವ ಇಲ್ಲದ ಮಾಲು ಕೊಡ್ತಾರಾ ಅಂತ ಸಂಶಯ. ಇನ್ನೊಂದು, ಬೋರಿನ ನೀರು ತುಂಬಿಸಿ ಕ್ಲೋರಿನ್ ಹಾಕಿದ ಕೂಡ್ಲೆ ಚಹಾದ ಬಣ್ಣಕ್ಕೆ ತಿರುಗ್ತದೆ. ಬಂದವರು ನೋಡಿ ಇಳಿಯುದೇ ಇಲ್ಲ.

ಪಂಪ್‌ರೂಮ್_ಹುಬ್ಬಳ್ಳಿ

ಹೈಪೋ ಸತ್ವ ಕಳಕೊಳ್ಳೂದು ಖರೆ ಐತ್ರಿ. ಬಿಸಿಲಾಗ ಇಟ್ಟ ಕ್ಯಾನು ತಿಂಗಳದಾಗ ಅರ್ಧ ಸತ್ತಿರತೈತಿ. ತಾರೀಖು ನೋಡಿ ತೊಗೋರಿ, ನೆರಳಿನಾಗ ಇಡ್ರಿ. ಬ್ಲೀಚಿಂಗ್ ಪೌಡರಂತೂ ಚೀಲ ಒಡದ ಮ್ಯಾಲ ಹಸಿ ಕುಡದು ಬರೇ ಸುಣ್ಣ ಉಳೀತದ. ಆದ್ರ ಮುಂಜಾನೆ 4 ತೋರಿಸಿ ಮಧ್ಯಾಹ್ನ ಸೊನ್ನೆ ಅಂದ್ರ ಮಾಲಿನ ತಪ್ಪಲ್ಲ. ಸಂಜಿಮುಂದ ಹಾಕಿ ನೋಡ್ರಿ.

ರಸಾಯನ_ಮೇಷ್ಟ್ರು

ಅವರು ಹೇಳುವಂತೆ ಸೂರ್ಯ ಮುಳುಗಿದ ಮೇಲೆ ಹಾಕಿ, ಪಂಪ್ ಅರ್ಧ ಗಂಟೆ ಓಡಿಸಿ, ಅಳೆದು ಬರೆದಿಡಿ. ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ ಮತ್ತೆ ಅಳೆಯಿರಿ. ರಾತ್ರಿಯಲ್ಲಿ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ನೀರಿನೊಳಗೆ ಏನೋ ತಿನ್ನುತ್ತಿದೆ: ಪಾಚಿ, ಅಮೋನಿಯಾ, ಕೊಳೆತ ಎಲೆ. ಇಳಿಯದಿದ್ದರೆ ತಿನ್ನುತ್ತಿರುವುದು ಬಿಸಿಲು.

ನನ್ನ ಊಹೆ ಬಿಸಿಲು. ನಿಮ್ಮ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ. ಅಂದರೆ ಕೊಳದ ಬಾಯಿಯ ಮೇಲೇ ನೇರವಾಗಿ ಮೂರೂವರೆ ಮೀಟರ್ ನೀರು ಬೀಳುತ್ತದೆ. ಕೊಳ ಆಳ ಎಷ್ಟು, 1.2? ಹೆಚ್ಚುಕಡಿಮೆ ಮೂರು ಕೊಳದಷ್ಟು ಮಳೆನೀರು ತುಂಬಿ ಕೋಡಿ ಹರಿದುಹೋಗಿದೆ. ಜೂನ್ ತಿಂಗಳಲ್ಲಿ ಏನೇ ಕರಗಿದ್ದರೂ ಸೆಪ್ಟೆಂಬರ್ ಹೊತ್ತಿಗೆ ಅದರ ಹತ್ತರಲ್ಲಿ ಒಂದು ಪಾಲೂ ಉಳಿಯುವುದು ಕಷ್ಟ. ಸಯನ್ಯೂರಿಕ್ ಸೊನ್ನೆ, ಆಲ್ಕಲಿನಿಟಿಯೂ ತಳ ಕಂಡಿರುತ್ತದೆ. ದೊಡ್ಡಬಳ್ಳಾಪುರದಲ್ಲಿ ಮಳೆ ಇದರ ಮೂರನೇ ಒಂದು ಭಾಗವೂ ಇಲ್ಲ, ಆವಿಯಾಗುವುದು ಬಿದ್ದದ್ದಕ್ಕಿಂತ ಜಾಸ್ತಿ. ಅಲ್ಲಿ ಎಲ್ಲವೂ ಕೂಡುತ್ತ ಹೋಗುತ್ತದೆ, ನಿಮ್ಮಲ್ಲಿ ಎಲ್ಲವೂ ತೊಳೆದುಹೋಗುತ್ತದೆ.

ಪುತ್ತೂರು_ಹೋಮ್‌ಸ್ಟೇ

ಹೌದಾ! ರಾತ್ರಿ 4.5, ಬೆಳಿಗ್ಗೆ 4. ಸಯನ್ಯೂರಿಕ್ ಕೊಳವೆ ತುಂಬಿ ಚೆಲ್ಲಿದ್ರೂ ಚುಕ್ಕೆ ಕಾಣ್ತಾ ಉಂಟು. ಆಲ್ಕಲಿನಿಟಿ 30, ಪಿಎಚ್ 6.8. ಈಗ ಎಂತ ಮಾಡುದು?

ರಸಾಯನ_ಮೇಷ್ಟ್ರು

ನಿಮಗೆ ಬೇಕಾದ್ದು ಅವರು ಚೆಲ್ಲುತ್ತಿರುವ ಆಮ್ಲ. 30 ಪಿಪಿಎಂ ಸಾಕು. ಸ್ಟೆಬಿಲೈಜರ್ ಪುಡಿ ಅಂತ ಸಿಕ್ಕಿದರೆ 900 ಗ್ರಾಂ, ಹಳೆ ಕಾಲುಚೀಲದಲ್ಲಿ ಕಟ್ಟಿ ನೀರು ಒಳಗೆ ಬರುವ ಬಾಯಿಯ ಮುಂದೆ ನೇತುಹಾಕಿ. ಸಿಗದಿದ್ದರೆ 200 ಗ್ರಾಂ ಟಿಸಿಸಿಎ ಮಾತ್ರೆ ಎಂಟು, ಒಂದಾದ ಮೇಲೊಂದು. ಎಂಟಾದ ಕೂಡಲೇ ನಿಲ್ಲಿಸಿ ಹೈಪೋಗೆ ವಾಪಸ್ಸು ಬನ್ನಿ.

ಆದರೆ ಮೊದಲು ಅಡುಗೆ ಸೋಡ. ಟಿಸಿಸಿಎ ಹುಳಿ, ನಿಮ್ಮ ನೀರಿಗೆ ಅದನ್ನು ತಡೆಯುವ ಶಕ್ತಿಯೇ ಇಲ್ಲ, ಪಿಎಚ್ ಕುಸಿದುಬೀಳುತ್ತದೆ. ಟೈಲ್ಸ್ ನಡುವಿನ ಸಿಮೆಂಟ್ ತಿಂದುಹಾಕುತ್ತದೆ. 30,000 ಲೀಟರಿಗೆ ಆಲ್ಕಲಿನಿಟಿ 30ರಿಂದ 80ಕ್ಕೆ ಬರಲು ಎರಡೂವರೆ ಕೆಜಿ. ಎರಡು ಸಲಕ್ಕೆ ಹಂಚಿ ಹಾಕಿ.

ಚಹಾದ ಬಣ್ಣ ಕಬ್ಬಿಣ, ಮುರಕಲ್ಲಿನ ಊರಲ್ಲವೇ. ಬೋರಿನ ನೀರು ಬಿಟ್ಟು ಚಾವಣಿ ನೀರು ತುಂಬಿಸಿ. ಈಗಾಗಲೇ ಬಣ್ಣ ಬಂದದ್ದು ತುಕ್ಕಿನ ಕಣ, ರಾತ್ರಿ ಪಟಿಕಕ್ಕೆ ಕೂರುತ್ತದೆ. ಹುಬ್ಬಳ್ಳಿಯವರು ಹೇಳಿದ ಕ್ರಮದಲ್ಲಿ, ಸೋಡ ಹಾಕಿದ ಮೇಲೆ. ಪಟಿಕವೂ ಆಲ್ಕಲಿನಿಟಿ ತಿನ್ನುತ್ತದೆ.

ಫೀನಿಕ್ಸ್_ಕನ್ನಡಿಗ

ಒಂದು ಎಚ್ಚರಿಕೆ, ಇಬ್ಬರಿಗೂ. ಟಿಸಿಸಿಎ ಹಾಕಿದ್ದ ತೇಲೋ ಡಬ್ಬಿಗೆ ಬ್ಲೀಚಿಂಗ್ ಪೌಡರ್ ಅಥವಾ ಕ್ಯಾಲ್ಸಿಯಂ ಹೈಪೋ ಹಾಕಬೇಡಿ. ಒಂದೇ ಬಕೆಟ್, ಒಂದೇ ಚಮಚ ಕೂಡ ಬೇಡ. ಎರಡೂ ಕ್ಲೋರಿನ್ನೇ ಅಲ್ವಾ ಅಂತ ಬೆರೆಸಿದ್ರೆ ಬೆಂಕಿ ಹತ್ತುತ್ತೆ, ಸಿಡಿಯುತ್ತೆ. ಆಸಿಡ್ ಜೊತೆ ಯಾವುದು ಸೇರಿದ್ರೂ ವಿಷಗಾಳಿ. ಮಾತ್ರೆ ಡಬ್ಬದೊಳಗೆ ಸ್ವಲ್ಪ ನೀರು ಹೋದ್ರೂ ಅಪಾಯ. 2020ರ ಆಗಸ್ಟಿನಲ್ಲಿ ಲಾರಾ ಚಂಡಮಾರುತದಲ್ಲಿ ಲೂಯಿಸಿಯಾನದ ಲೇಕ್ ಚಾರ್ಲ್ಸ್ ಹತ್ತಿರದ ಮಾತ್ರೆ ಕಾರ್ಖಾನೆ ಸುಟ್ಟುಹೋಯ್ತು. ಮುಂದಿನ ಬೇಸಿಗೆ ಅಮೆರಿಕದಲ್ಲಿ ಮಾತ್ರೆ ಬೆಲೆ ಏರಿ, ಎಷ್ಟೋ ಜನ ಲಿಕ್ವಿಡ್‌ಗೆ ಬಂದಿದ್ದೇ ಹಾಗೆ.

ಪಂಪ್‌ರೂಮ್_ಹುಬ್ಬಳ್ಳಿ

ಆ ಹುಡುಗಗ ಕೂಡ್ರಿಸಿ ಹೇಳ್ರಿ ಇದನ್ನ. ಫೋನಿನ್ಯಾಗ ಹೇಳಿದ್ರ ಹೂಂ ಅಂತಾನ, ಬಕೆಟ್ ಅದೇ ಇರತೈತಿ.

ತೋಟದಮನೆ

ಸುದ್ದಿ ಹೇಳ್ತೀನಿ. ಫಿಲ್ಟರ್ ತಲೆ ಬಿಚ್ಚಿಸಿದೆ. ಮೇಲಿನ ಪದರದಲ್ಲಿ ನಿಂಬೆಹಣ್ಣಿನ ಗಾತ್ರದ ಬೂದು ಉಂಡೆಗಳು, ಒಡೆದ್ರೆ ಒಳಗೆ ಜಿಗುಟು ಮಣ್ಣು, ಕೊಳೆತ ವಾಸನೆ. ಮರಳು ಪೂರ್ತಿ ಬದಲಿಸಿದ್ದಾಯ್ತು.

ನೀರು ಮೂರು ಪಾಲು ತೆಗೆದು ತೆಂಗಿಗೆ ಬಿಟ್ಟೆ, ಕಾಲು ಪಾಲು ಹಾಗೇ ಉಳಿಸಿದೆ. ಸಂಪಿನಲ್ಲಿದ್ದ ಮಳೆನೀರು 20,000 ಲೀಟರ್, ಉಳಿದದ್ದು ಬೋರ್. ಈಗ ಸಯನ್ಯೂರಿಕ್ 40ರ ಆಸುಪಾಸು, ಗಡಸುತನ 250, ಆಲ್ಕಲಿನಿಟಿ 165. ಟ್ಯಾಂಕರ್ ತರಿಸಲಿಲ್ಲ, @ನೀರುನಿಧಿ ಅವರಿಗೆ ತಿಳಿಸಬೇಕು ಅಂತ ಬರೆದೆ. ಮುಂದೆ?

ರಸಾಯನ_ಮೇಷ್ಟ್ರು

ಪಿಎಚ್ 7.2ಕ್ಕೆ ತನ್ನಿ. ಇದು ಮೊದಲು, ಯಾಕೆಂದರೆ ಕ್ಲೋರಿನ್ 10 ದಾಟಿದ ಮೇಲೆ ಪಿಎಚ್ ಪರೀಕ್ಷೆ ಸುಳ್ಳು ಹೇಳುತ್ತದೆ. ಆಸಿಡ್ಡನ್ನು ಬಕೆಟ್ ನೀರಿಗೆ ಹಾಕಿ, ಆಸಿಡ್ಡಿಗೆ ನೀರಲ್ಲ. ಆಮೇಲೆ ಸಂಜೆ 16 ಪಿಪಿಎಂ ಆಗುವಷ್ಟು ಹೈಪೋ. ನಿಮ್ಮ ಕೊಳಕ್ಕೆ 770 ಗ್ರಾಂ ಕ್ಲೋರಿನ್, 10 ಶೇಕಡಾದ ಕ್ಯಾನಿನಲ್ಲಿ ಎಂಟು ಲೀಟರಿಗೆ ಒಂದಿಷ್ಟು ಕಡಿಮೆ. ಪಂಪ್ ದಿನಪೂರ್ತಿ ಓಡಲಿ, ಗೋಡೆ ಉಜ್ಜಿಸಿ. ಏಣಿಯ ಹಿಂದೆ, ಲೈಟಿನ ಸುತ್ತ ಮರೆಯಬೇಡಿ. ಇಳಿದಾಗಲೆಲ್ಲ ಮತ್ತೆ 16ಕ್ಕೆ ಏರಿಸಿ. ನೀರು ತಿಳಿಯಾಗಿ, ಕ್ಲೋರಮೈನ್ ಅರ್ಧ ಪಿಪಿಎಂಗೆ ಬಂದು, ರಾತ್ರಿ ಇಳಿಕೆ ಒಂದರೊಳಗೆ ನಿಂತ ಮೇಲೆ ನಿಲ್ಲಿಸಿ. ಅಲ್ಲಿಯವರೆಗೆ ಮಕ್ಕಳನ್ನು ಇಳಿಸಬೇಡಿ.

ತೋಟದಮನೆ

ಹಸಿರು ಹೋಗಿ ಹಾಲಿನ ಬಣ್ಣಕ್ಕೆ ಬಂದಿದೆ. ಇದು ಸರಿನಾ?

ಪಂಪ್‌ರೂಮ್_ಹುಬ್ಬಳ್ಳಿ

ಸತ್ತ ಪಾಚಿ ಅದು. ಇನ್ನ ಫಿಲ್ಟರಿನ ಪಾಳಿ. ಮುಳ್ಳು 8-10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಹೊಡೀರಿ, ಅದಕ್ಕೂ ಮೊದಲ ಬ್ಯಾಡ. ಮರಳು ಒಂದೀಟು ಹೊಲಸಿದ್ರನ ಚಲೋ ಸೋಸತೈತಿ. ಪಟಿಕದ ಕಡೆ ಕೈ ಹಾಕಬ್ಯಾಡ್ರಿ.

ಪುತ್ತೂರು_ಹೋಮ್‌ಸ್ಟೇ

ನಮ್ಮಲ್ಲಿ ಸಂಜೆಗೂ 2.5 ಉಳಿತದೆ ಈಗ. ಮಾತ್ರೆ ಐದು ಆಯ್ತು, ಇನ್ನು ಮೂರು. ಮುಂದಿನ ಮಳೆಗಾಲದ ಮೊದಲು ಪೂರ್ತಿ ಖಾಲಿ ಮಾಡಿ ತೊಳೆಸುವ ಅಂತ ಉಂಟು. ಜೂನಲ್ಲಿ ಮಾಡಿದ್ರೆ ಸಾಕಾ?

ಪಂಪ್‌ರೂಮ್_ಹುಬ್ಬಳ್ಳಿ

ಜೂನದಾಗ ಬ್ಯಾಡೇ ಬ್ಯಾಡ್ರಿ! ನೆಲದಾಗ ನೀರು ಏರಿದಾಗ ಕೊಳ ಖಾಲಿ ಮಾಡಿದ್ರ ಕೆಳಗಿನ ನೀರು ಇಡೀ ತೊಟ್ಟಿನ ಮ್ಯಾಲ ದಬ್ಬತೈತಿ, ತಳ ಸೀಳತೈತಿ. ಏಪ್ರಿಲ್‌ದಾಗ ಮಾಡ್ರಿ.

ತೋಟದಮನೆ

ತಳ ಕಾಣ್ತಿದೆ! ರಾತ್ರಿ 5.5, ಬೆಳಿಗ್ಗೆ 5. ವಾಸನೆ ಇಲ್ಲ. ಎರಡು ಕಡೆ ಟೈಲ್ಸ್ ಮೇಲೆ ಬೂದು ಕಲೆ ಮಾತ್ರ ಉಳಿದಿದೆ, ಉಜ್ಜಿದ್ರೂ ಹೋಗ್ತಿಲ್ಲ.

ಟಿಸಿಸಿಎ ಇನ್ನೂ ಮೂರು ಕೆಜಿ ಮಿಕ್ಕಿದೆ. ಪುತ್ತೂರಿನವರಿಗೆ ಕೊರಿಯರ್ ಮಾಡ್ಲಾ?

ಪುತ್ತೂರು_ಹೋಮ್‌ಸ್ಟೇ

ಮಾಡಿ ಮಾರಾಯ್ರೆ, ಬದಲಿಗೆ ಹಲಸಿನ ಹಪ್ಪಳ ಕಳಿಸ್ತೇನೆ.

ಫೀನಿಕ್ಸ್_ಕನ್ನಡಿಗ

ಕೊರಿಯರ್, ಬಸ್ಸು ಎರಡೂ ಬೇಡ! ಬೆಂಕಿ ಹಚ್ಚಬಲ್ಲ ಸಾಮಾನು ಅದು, ಪಕ್ಕದ ಪಾರ್ಸೆಲ್‌ನಲ್ಲಿ ಏನಿರುತ್ತೋ ಯಾರಿಗೆ ಗೊತ್ತು.

ರಸಾಯನ_ಮೇಷ್ಟ್ರು

ಕಲೆ ಮೈಲುತುತ್ತದ ತಾಮ್ರ. ಕ್ಲೋರಿನ್ 1-2ಕ್ಕೆ ಇಳಿದಿರುವಾಗ ವಿಟಮಿನ್ ಸಿ ಮಾತ್ರೆಯೊಂದನ್ನು ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿದು ನೋಡಿ. ಹೋಗದಿದ್ದರೆ ಬಿಟ್ಟುಬಿಡಿ, ಈಜುವವರಿಗೆ ಅದರಿಂದ ತೊಂದರೆ ಇಲ್ಲ.

ಮೂರು ಕೆಜಿ ಮಾತ್ರೆಯನ್ನು ಒಣ ಜಾಗದಲ್ಲಿ, ಆಸಿಡ್ ಕ್ಯಾನಿನಿಂದ ದೂರ ಇಡಿ. ವಾರಗಟ್ಟಲೆ ಊರಿಗೆ ಹೋಗುವಾಗ ದಿನಾ ಹೈಪೋ ಹಾಕುವವರು ಯಾರೂ ಇರುವುದಿಲ್ಲವಲ್ಲ, ಆಗ ಡಬ್ಬಿಯಲ್ಲಿ ಎರಡು ಮೂರು ಹಾಕಿ ಹೋಗಿ. ಹಾಕಿದ ಒಂದೊಂದಕ್ಕೂ 2.3 ಅಂತ ಪಂಪ್ ಮನೆ ಗೋಡೆ ಮೇಲೆ ಬರೆಯುತ್ತ ಬನ್ನಿ.